ಶೆಡ್ ಬಾಡಿಗೆಗೆ ಕೊಡುವ ಮುನ್ನ: ಅಪಾಯಕಾರಿ ತ್ಯಾಜ್ಯ ಮತ್ತು ಗ್ರಾಮ ಪಂಚಾಯತಿಯ ಹೊಣೆ



1988ರಲ್ಲಿ ನೈಜೀರಿಯಾದ ಕೋಕೋ ಎಂಬ ಊರಿನಲ್ಲಿ, ನಿವಾಸಿಯೊಬ್ಬರು ಅಲ್ಪ ಬಾಡಿಗೆಗೆ ನೀಡಿದ್ದ ಜಾಗದಲ್ಲಿ ಸಾವಿರಾರು ಪೀಪಾಯಿಗಳು ಪತ್ತೆಯಾದವು. ಅವುಗಳಲ್ಲಿದ್ದುದು ಇಟಲಿಯಿಂದ ಹಡಗಿನಲ್ಲಿ ಬಂದ ವಿಷಕಾರಿ ತ್ಯಾಜ್ಯ. ಇಂತಹ ಪ್ರಕರಣಗಳ ಫಲವಾಗಿ 1989ರಲ್ಲಿ ಬಾಸೆಲ್ ಒಪ್ಪಂದವು ಅಂಗೀಕೃತವಾಗಿ, 1992ರಲ್ಲಿ ಜಾರಿಗೆ ಬಂದಿತು. ಭಾರತವೂ ಅದರ ಸದಸ್ಯ ರಾಷ್ಟ್ರವಾಗಿದೆ.

ನಿಗಾ ಬಿಗಿಯಾದ ಕಡೆಯಿಂದ ಸಡಿಲವಾದ ಕಡೆಗೆ ತ್ಯಾಜ್ಯ ಸಾಗುತ್ತದೆ. ಈ ಮಾತು ನಗರಕ್ಕೂ ಅದರ ಅಂಚಿನ ಹಳ್ಳಿಗಳಿಗೂ ಅನ್ವಯಿಸುತ್ತದೆ. ಸರ್ವಜ್ಞನಗರದ ಬಾಣಸವಾಡಿ, ಕಮ್ಮನಹಳ್ಳಿ, ನಾಗವಾರಗಳು ಒಂದು ಕಾಲಕ್ಕೆ ಹಳ್ಳಿಗಳೇ ಆಗಿದ್ದವು. ಇಂದು ನಗರದ ಅಂಚು ಬೆಂಗಳೂರು ಪೂರ್ವ ತಾಲ್ಲೂಕಿನ ಪಂಚಾಯತಿಗಳನ್ನು ಮುಟ್ಟಿದೆ. ಇದೇ ತಾಲ್ಲೂಕಿನ ಮಂಡೂರಿನಲ್ಲಿ ನಗರದ ಮಿಶ್ರ ಕಸವನ್ನು ವರ್ಷಗಟ್ಟಲೆ ಸುರಿಯಲಾಯಿತು. ಗ್ರಾಮಸ್ಥರ ಹೋರಾಟದಿಂದ 2014ರ ಡಿಸೆಂಬರ್‌ನಲ್ಲಿ ಲಾರಿಗಳು ನಿಂತವು, ಆದರೆ ಕಸದ ರಾಶಿ ಅಲ್ಲಿಯೇ ಉಳಿಯಿತು.

ಅಪಾಯಕಾರಿ ತ್ಯಾಜ್ಯದ ವಿಷಯದಲ್ಲಿ ಹಾನಿ ಇನ್ನೂ ದೀರ್ಘವಾದುದು. ತಾಮ್ರಕ್ಕಾಗಿ ವೈರ್ ಸುಟ್ಟರೆ ಅದರ ಪಿವಿಸಿ ಹೊದಿಕೆಯಿಂದ ಡಯಾಕ್ಸಿನ್ ಎಂಬ ವಿಷ ಹೊರಬೀಳುತ್ತದೆ. ಹಳೆಯ ವಾಹನ ಬ್ಯಾಟರಿ ಒಡೆದು ಸೀಸ ಕರಗಿಸಿದರೆ ಅದರ ಧೂಳು ಮಣ್ಣಿಗೆ ಸೇರುತ್ತದೆ. ಸೀಸ ಕೊಳೆಯುವುದಿಲ್ಲ, ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಶಾಶ್ವತ ಹಾನಿ ಮಾಡಬಲ್ಲದು.

ಆದ್ದರಿಂದ ಪಂಚಾಯತಿಯು ಎರಡು ಕಡೆ ಎಚ್ಚರ ವಹಿಸಬೇಕು.

1. ಶೆಡ್‌ಗಳು: ಗುಜರಿ, ಬ್ಯಾಟರಿ ಅಥವಾ ರಾಸಾಯನಿಕ ಘಟಕಕ್ಕೆ ಅನುಮತಿ ಕೋರಿದಾಗ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅನ್ವಯಿಸುವ ಕಡೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರವನ್ನು ಕೇಳತಕ್ಕದ್ದು. ರಾತ್ರಿ ವೇಳೆ ಹೊಗೆ, ಆಮ್ಲದ ವಾಸನೆ ಕಂಡುಬಂದಲ್ಲಿ ಮಂಡಳಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಜಮೀನು ಬಾಡಿಗೆಗೆ ಕೊಡುವ ರೈತರಿಗೆ ಈ ವಿಷಯವನ್ನು ಗ್ರಾಮ ಸಭೆಯಲ್ಲಿಯೇ ವಿವರಿಸಬೇಕು. ಬಾಡಿಗೆದಾರರು ಹೊರಟುಹೋದರೂ ಕೆಟ್ಟ ಮಣ್ಣು, ಕೊಳವೆಬಾವಿ ಮಾಲೀಕರ ಪಾಲಿಗೆ ಉಳಿಯುತ್ತವೆ.

2. ಮನೆಗಳು: ಟ್ಯೂಬ್‌ಲೈಟ್, ಬ್ಯಾಟರಿ ಸೆಲ್, ಅವಧಿ ಮೀರಿದ ಔಷಧಿ, ಸಿರಿಂಜ್, ಬಣ್ಣದ ಡಬ್ಬಿ, ಕೀಟನಾಶಕದ ಬಾಟಲಿಗಳನ್ನು ಹಸಿ ಕಸ, ಒಣ ಕಸಗಳೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಪಡೆಯಬೇಕು. ಟ್ಯೂಬ್‌ಲೈಟ್‌ನಲ್ಲಿ ಪಾದರಸ ಇರುವುದರಿಂದ ಒಡೆಯದಂತೆ ಇಡಬೇಕು. ವಾಹನ ಬ್ಯಾಟರಿಯನ್ನು ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂತಿರುಗಿಸುವಂತೆ ತಿಳಿಸಬೇಕು. ಸ್ವಚ್ಛ ಸಂಕೀರ್ಣದಲ್ಲಿ ಇವುಗಳಿಗೆ ಬೀಗವಿರುವ ಪ್ರತ್ಯೇಕ ಜಾಗವನ್ನೂ, ಸಿಬ್ಬಂದಿಗೆ ಕೈಗವಸುಗಳನ್ನೂ ಒದಗಿಸಿ, ಸಂಗ್ರಹವಾದುದನ್ನು ಅಧಿಕೃತ ಸಂಸ್ಥೆಗಳಿಗೆ ಮಾತ್ರ ಹಸ್ತಾಂತರಿಸತಕ್ಕದ್ದು.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಗುಜರಿ ಶೆಡ್‌ಗಳ ಪಟ್ಟಿಯನ್ನು ಸಿದ್ಧಪಡಿಸಿ ತರಬೇಕೆಂದು ಕೋರಲಾಗಿದೆ. ಯಾವ ಶೆಡ್‌ನಲ್ಲಿ ಏನು ನಡೆಯುತ್ತಿದೆ ಎಂಬುದು ಕಚೇರಿಗಿಂತ ಮೊದಲು ತಿಳಿಯುವುದು ತಮಗೇ.