ಶಿಶುಗಳೂ ತೂಕ-ಅಳತೆಗಳೂ

ಒಂದನೆಯ ತರಗತಿಗೆ ಬರುವ ಮಗುವು ಸಾವಿರ ಗ್ರಾಮಿಗೆ ಒಂದು ಕಿಲೋಗ್ರಾಮೆಂದು ತಪ್ಪಿಲ್ಲದೆ ಒಪ್ಪಿಸುವುದುಂಟು. ಅದೇ ಮಗುವಿನ ಮುಂದೆ ಹತ್ತಿಯ ದೊಡ್ಡ ಗಂಟನ್ನೂ ಹಿಡಿಗಾತ್ರದ ಗುಂಡುಕಲ್ಲನ್ನೂ ಇರಿಸಿ, ಯಾವುದು ಭಾರವೆಂದು ಕೇಳಿದರೆ ಅದು ಗಂಟಿನ ಕಡೆಗೆ ಬೆರಳು ತೋರುತ್ತದೆ. ಬಾಯಿಗೆ ಬಂದ ತೂಕವು ಕೈಗೆ ಇನ್ನೂ ಬಂದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಗಬ್ಬೂರಿನಂಥ ಊರಿನಲ್ಲಿ ಇದು ಕೇವಲ ಪಾಠದ ಪ್ರಶ್ನೆಯಲ್ಲ. ದೇವದುರ್ಗ ತಾಲೂಕಿನ ಒಕ್ಕಲು ಮನೆತನಗಳ ವರ್ಷದ ದುಡಿಮೆಯೆಲ್ಲ, ಅದು ಹತ್ತಿಯಿರಲಿ, ತೊಗರಿಯಿರಲಿ, ಮೆಣಸಿನಕಾಯಿಯಿರಲಿ, ಕಡೆಗೆ ಒಂದು ತಕ್ಕಡಿಯ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ತೂಕವನ್ನು ಅಂದಾಜಿಸಲರಿಯದವನು ಅನ್ಯರ ಮಾತನ್ನು ನಂಬಿ ಮನೆಗೆ ಮರಳಬೇಕಾಗುತ್ತದೆ.

ತೂಕದ ಅರಿವು ಅಂಕಿಯಿಂದ ಆರಂಭವಾಗುವಂಥದಲ್ಲ. 1907ರಲ್ಲಿ ರೋಮ್ ನಗರದಲ್ಲಿ ಶಿಶುಮಂದಿರವನ್ನು ತೆರೆದ ಮರಿಯಾ ಮಾಂಟೆಸ್ಸೊರಿಯವರು, ಗಾತ್ರದಲ್ಲಿ ಒಂದೇ ಆಗಿದ್ದು ತೂಕದಲ್ಲಿ ಬೇರೆಯಾದ ಮರದ ಹಲಗೆಗಳನ್ನು ಮಕ್ಕಳ ಅಂಗೈಗಳ ಮೇಲಿರಿಸಿ ಭೇದವನ್ನು ಗುರುತಿಸುವುದನ್ನು ರೂಢಿಸಿದರು. 1939ರಲ್ಲಿ ಅವರು ಭಾರತಕ್ಕೆ ಬಂದು ಮದರಾಸಿನಲ್ಲಿ ಶಿಕ್ಷಕರಿಗೆ ತರಬೇತಿಯಿತ್ತರು. ಅಂಥ ಹಲಗೆಗಳನ್ನು ಕೊಂಡು ತರುವ ಅಗತ್ಯ ಹಳ್ಳಿಯ ಮನೆಗಿಲ್ಲ. ಬೇಸಿಗೆಯ ಸೂಟಿಯಲ್ಲಿ ಅಂಗಳವೇ ಸಾಮಗ್ರಿಗಳ ಉಗ್ರಾಣವಾಗಿರುತ್ತದೆ. ಹುಣಿಸೆ ಬಿಡಿಸುವುದು, ಶಾವಿಗೆ ಹೊಸೆಯುವುದು, ಸಂಡಿಗೆ ಇಡುವುದು, ಮೆಣಸಿನಕಾಯಿ ಒಣಗಿಸುವುದು, ಇವೆಲ್ಲ ಅಳತೆಯ ಕೆಲಸಗಳೇ. ರಾಯಚೂರು ಸೀಮೆಯ ಬಿಸಿಲಾದರೋ ಎಲ್ಲರೂ ಬಲ್ಲದ್ದು. ಆದುದರಿಂದ ಆಟವೆಲ್ಲ ಮುಂಜಾನೆಯ ತಂಪಿನಲ್ಲಿ, ಬೇವಿನ ನೆರಳಿನಲ್ಲಿ ಮುಗಿಯತಕ್ಕದ್ದು.

ಮೊದಲು ತಕ್ಕಡಿಯನ್ನು ಮಕ್ಕಳ ಎದುರಿನಲ್ಲಿಯೇ ಮಾಡಬೇಕು. ಮೊಳದುದ್ದದ ನೆಟ್ಟನೆಯ ತೊಗರಿ ಕಟ್ಟಿಗೆಯ ನಡುವೆ ದಾರ ಬಿಗಿದು ಟೊಂಗೆಗೆ ತೂಗುಹಾಕಿ, ಎರಡು ತುದಿಗಳಲ್ಲಿ ತೆಂಗಿನ ಕರಟಗಳನ್ನು ಮೂರು ಮೂರು ದಾರಗಳಿಂದ ಇಳಿಬಿಟ್ಟರಾಯಿತು. ಒಂದು ಕಡೆ ವಾಲಿದರೆ ಮೇಲೆದ್ದ ಕರಟದ ತಳಕ್ಕೆ ತುಸು ಹಸಿಮಣ್ಣು ಮೆತ್ತಿ ಸಮಗೊಳಿಸಬೇಕು. ಬರಿದಾದ ತಕ್ಕಡಿಯೇ ಸಮನಾಗಿರಬೇಕೆಂಬ ವಿಷಯ ಆಗಲೇ ಮಗುವಿನ ಕಣ್ಣಿಗೆ ಬೀಳುತ್ತದೆ. ಅನಂತರದ ನಿಯಮ ಒಂದೇ: ಮೊದಲು ಎತ್ತಿ ನೋಡಿ ಹೇಳುವುದು, ಆಮೇಲೆ ತೂಗುವುದು. ಒಂದು ನಿಂಬೆಹಣ್ಣಿಗೆ ಎಷ್ಟು ಹುಣಿಸೆಬೀಜ ಸಮ? ಒಂದು ಈರುಳ್ಳಿಗೆ ಎಷ್ಟು? ಮಗುವು ಹೇಳಿದ ಲೆಕ್ಕ ತಪ್ಪಾದರೆ ತಿದ್ದುವ ಕೆಲಸವನ್ನು ತಕ್ಕಡಿಗೇ ಬಿಡಬೇಕು. ಹಿರಿಯರು ಬಾಯಿ ಹಾಕಿದೊಡನೆ ಆಟವು ಪರೀಕ್ಷೆಯಾಗಿಬಿಡುತ್ತದೆ.

ಇಲ್ಲೊಂದು ವಿಸ್ಮಯವುಂಟು. ದೊಡ್ಡ ಡಬ್ಬಿಯೊಂದಕ್ಕೂ ಚಿಕ್ಕ ಡಬ್ಬಿಯೊಂದಕ್ಕೂ ಮರಳು ತುಂಬಿ ಎರಡರ ಒಟ್ಟು ತೂಕವನ್ನು ಒಂದೇ ಮಾಡಿಟ್ಟರೆ, ಎತ್ತಿದವರೆಲ್ಲರಿಗೂ ಚಿಕ್ಕದೇ ಭಾರವೆನಿಸುತ್ತದೆ. ಸಮವೆಂದು ತಿಳಿದ ಮೇಲೂ ಹಾಗೆಯೇ ಎನಿಸುತ್ತದೆ. ಅಜ್ಜನೂ ಮೊಮ್ಮಗನೂ ಒಟ್ಟಿಗೆ ಮೋಸಹೋಗುವ ಈ ಆಟದಿಂದ, ಕೈಗೆ ಅನುಭವವಿದ್ದರೂ ತಕ್ಕಡಿ ಏಕೆ ಬೇಕೆಂಬುದು ಉಪದೇಶವಿಲ್ಲದೆ ತಿಳಿಯುತ್ತದೆ.

ಕಾಳುಕಡಿಯ ಅಳತೆಗೆ ಮನೆಯ ಹಳೆಯ ಸೇರು ಸಾಕು. ನವವಧುವು ಹೊಸಿಲ ಮೇಲಿನ ಸೇರನ್ನು ಪಾದದಿಂದ ಉರುಳಿಸಿ ಒಳಬರುವ ಪದ್ಧತಿಯಿಂದಾಗಿ, ಅಳೆಯುವ ಬಳಕೆ ತಪ್ಪಿದ ಮನೆಯಲ್ಲಿಯೂ ಅದು ಉಳಿದುಕೊಂಡಿದೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನದೆ ಲಾಭವೆಂದು ಎಣಿಸುವ ವಾಡಿಕೆಯನ್ನು ಮಕ್ಕಳಿಗೆ ಕಲಿಸಿದರೆ ಅವರ ಹಿಗ್ಗಿಗೆ ಪಾರವಿರುವುದಿಲ್ಲ. ಶಿಖೆಯೇರಿಸಿ ಅಳೆದ ಸೇರಿಗೂ ಬಾಯಿಸಮ ಸವರಿ ಅಳೆದ ಸೇರಿಗೂ ಎಷ್ಟು ಹಿಡಿ ಅಂತರವೆಂಬುದನ್ನು ಅವರೇ ಎಣಿಸಲಿ. ಒಂದೇ ಪಾತ್ರೆಯಿಂದ ಎರಡು ಬಗೆಯ ನ್ಯಾಯ ನಡೆಯಬಹುದೆಂಬ ಗುಟ್ಟು ಅಲ್ಲಿದೆ.

ಅಗಲವಾದ ಬೋಗುಣಿಯ ಜೋಳವನ್ನು ಮಗುವಿನ ಎದುರಿನಲ್ಲಿಯೇ ಎತ್ತರದ ಚೊಂಬಿಗೆ ಸುರಿದರೆ, ಈಗ ಹೆಚ್ಚಾಯಿತೆಂದು ಅದು ಹೇಳುತ್ತದೆ. ಇದು ದಡ್ಡತನವಲ್ಲ. ಆರೇಳು ವರ್ಷ ತುಂಬುವತನಕ ಶಿಶುಗಳ ಬುದ್ಧಿಯು ಹೀಗೆಯೇ ನಡೆಯುತ್ತದೆಂದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯವರು ಇಂಥ ಪ್ರಯೋಗಗಳಿಂದಲೇ ತೋರಿಸಿದ್ದಾರೆ. ಮರಳಿ ಬೋಗುಣಿಗೆ ಸುರಿದು ತೋರಿಸಬೇಕು, ಮತ್ತೆ ಮತ್ತೆ ಸುರಿಯಲು ಬಿಡಬೇಕು, ಗದರಿಸಲಾಗದು.

ಇದೇ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯನ್ನು ಈ ಆಟದ ನಡುವೆ ಹೇಳುವುದು ಉಚಿತ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ, ಲಕ್ಕಮ್ಮನು ಅದನ್ನು ಗುರುತಿಸಿ ಹಿಂದಿರುಗಿಸಿ ಬರುವಂತೆ ಹೇಳಿದಳಷ್ಟೆ. ಈ ಪ್ರಸಂಗವನ್ನು ಪ್ರವಚನಗಳಲ್ಲಿ ನಿರಾಶೆಯ ದೃಷ್ಟಾಂತವಾಗಿ ವಿವರಿಸುವುದು ರೂಢಿ. ಆದರೆ ನಿತ್ಯದ ಅಕ್ಕಿ ಎಷ್ಟೆಂಬುದು ಆ ತಾಯಿಗೆ ಖಚಿತವಾಗಿ ತಿಳಿದಿದ್ದುದರಿಂದಲೇ ಹೆಚ್ಚಾದುದು ತಿಳಿಯಿತೆಂಬ ಅಂಶವೂ ಗಮನಾರ್ಹ.

ಉದ್ದದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಟ್ಟೆಯೊಂದನ್ನು ಅಜ್ಜನು ತನ್ನ ಗೇಣಿನಿಂದಲೂ ಮಗುವು ತನ್ನ ಗೇಣಿನಿಂದಲೂ ಅಳೆದರೆ ಎರಡು ಲೆಕ್ಕ ಬರುತ್ತವೆ. ಯಾರದು ಸರಿ? ಜಗತ್ತಿನ ರಾಷ್ಟ್ರಗಳು 1875ರಲ್ಲಿ ಪ್ಯಾರಿಸಿನಲ್ಲಿ ಮೀಟರಿನ ಒಪ್ಪಂದಕ್ಕೆ ಸೇರಿದುದೂ, ಭಾರತವು 1956ರಲ್ಲಿ ಕಾಯಿದೆ ಮಾಡಿ ಸುಮಾರು 933 ಗ್ರಾಮಿನ ಸೇರನ್ನು ಬಿಟ್ಟು ಕಿಲೋಗ್ರಾಮನ್ನು ಅಂಗೀಕರಿಸಿದುದೂ ಇದೇ ಪ್ರಶ್ನೆಯ ಪರಿಹಾರಕ್ಕಾಗಿ.

ಎಚ್ಚರಿಕೆಯ ಮಾತೊಂದಿದೆ. ಮೂರು ವರ್ಷದ ಕೂಸುಗಳು ಬೀಜಗಳನ್ನು ಮೂಗಿಗೆ, ಕಿವಿಗೆ, ಬಾಯಿಗೆ ಹಾಕಿಕೊಳ್ಳುತ್ತವೆ. ಅವುಗಳಿಗೆ ನಿಂಬೆಹಣ್ಣು, ಬೆಂಡಿನಂಥ ದೊಡ್ಡ ವಸ್ತುಗಳನ್ನೇ ಕೊಡಬೇಕು, ಹಿರಿಯರೊಬ್ಬರು ಹತ್ತಿರವಿರಬೇಕು. ನೀರಾಟವಾದರೆ ಗಿಡದ ಪಾತಿಯಲ್ಲಿ ಆಡಿಸಿದಲ್ಲಿ ಬೇಸಿಗೆಯ ನೀರು ವ್ಯರ್ಥವಾಗದು.

ಕಿಲೋಗ್ರಾಮೆಂಬ ಹೆಸರು ಸೂಟಿಯ ಕೊನೆಯ ವಾರಕ್ಕೆ ಸಾಕು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಶಿಶುಗಳನ್ನೇ ತೂಗುವುದರಿಂದ ತೂಕವೆಂಬ ಮಾತು ಅವುಗಳಿಗೆ ಹೊಸದಲ್ಲ. ನಾಲ್ಕು ವರ್ಷದ ಮಗುವಿಗೆ ಸುಮಾರು 16 ಕಿಲೋಗ್ರಾಂ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನ. ಅಂಗಡಿಯಿಂದ ಒಂದು ಕಿಲೋಗ್ರಾಮಿನ ಕಬ್ಬಿಣದ ಬಟ್ಟನ್ನು ಕೇಳಿ ತಂದು ಮಗುವಿನ ಎರಡೂ ಅಂಗೈಗಳ ಮೇಲಿರಿಸಬೇಕು. ಬಳಿಕ ಒಂದು ಚೀಲಕ್ಕೆ ಜೋಳವನ್ನು ಅಷ್ಟೇ ಭಾರವಾಗುವಂತೆ ತುಂಬಲು ಹೇಳಿ, ಅದೇ ಅಂಗಡಿಗೆ ಮಗುವಿನೊಡನೆ ಕೊಂಡೊಯ್ದು ತೂಗಿಸಬೇಕು. ಮುಳ್ಳು ಎಲ್ಲಿ ನಿಲ್ಲುತ್ತದೆಂಬುದನ್ನು ಮಗುವೇ ಓದಿ ಹೇಳಲಿ.