ಕ್ಲಬ್ಬಿನ ಮಳಿಗೆಯೋ, ಅಂತರ್ಜಾಲವೋ? ಗಾಲ್ಫ್ ದಾಂಡಿನ ವ್ಯಾಜ್ಯ ಮತ್ತು ಚಿಲ್ಲರೆ ವ್ಯಾಪಾರದ ಲೆಕ್ಕಾಚಾರ

ಗ್ರಾಹಕರು ಅಂಗಡಿಗೆ ಬಂದು ಸರಕನ್ನು ಮುಟ್ಟಿ ನೋಡುತ್ತಾರೆ, ಅಳತೆ ಕೊಡುತ್ತಾರೆ, ಮಾರಾಟಗಾರರಿಂದ ಸಕಲ ವಿವರಗಳನ್ನೂ ಪಡೆಯುತ್ತಾರೆ. ಕೊನೆಗೆ ಅದೇ ಸರಕನ್ನು ಅಂತರ್ಜಾಲದ ಮೂಲಕ ಕಡಿಮೆ ಬೆಲೆಗೆ ತರಿಸಿಕೊಳ್ಳುತ್ತಾರೆ. ಕನ್ನಡಕ, ಪಾದರಕ್ಷೆ, ಬೈಸಿಕಲ್, ಕ್ರೀಡಾ ಸಾಮಗ್ರಿ ಮುಂತಾದ ವ್ಯಾಪಾರಗಳಲ್ಲಿ ತೊಡಗಿರುವವರಿಗೆ ಇದು ಪರಿಚಿತ ಸಂಗತಿ. ಒಬ್ಬರು ಉತ್ತು ಬಿತ್ತಿದ ಹೊಲದ ಬೆಳೆಯನ್ನು ಇನ್ನೊಬ್ಬರು ಕೊಯ್ದುಕೊಂಡಂತೆ ಎಂದು ವರ್ತಕರು ಹಲುಬುವುದೂ ಸಹಜವೇ. ಇದನ್ನು ತಡೆಯುವ ಹಕ್ಕು ತಯಾರಕರಿಗೆ ಇದೆಯೇ ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ಗಾಲ್ಫ್ ದಾಂಡುಗಳ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, 2020ರಲ್ಲಿ ಇತ್ಯರ್ಥವಾಯಿತು. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಕಾಲದಿಂದಲೂ ಈ ಆಟ ನಮ್ಮ ರಾಜ್ಯಕ್ಕೆ ಪರಿಚಿತವಾಗಿದ್ದರೂ ಅದರ ಗ್ರಾಹಕರು ಕೆಲವರೇ. ಆದರೆ ಆ ವ್ಯಾಜ್ಯದಿಂದ ತಿಳಿಯಬೇಕಾದ ಪಾಠ ಎಲ್ಲ ಚಿಲ್ಲರೆ ವ್ಯಾಪಾರಿಗಳಿಗೂ ಅನ್ವಯಿಸುವಂಥದ್ದು.

ಎರಡು ಬಗೆಯ ಸರಕು

ಗಾಲ್ಫ್ ಸಾಮಗ್ರಿಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಚೆಂಡನ್ನು ತೆಗೆದುಕೊಂಡರೆ, ನಿಯಮದ ಪ್ರಕಾರ ಅದರ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು, ತೂಕ 45.93 ಗ್ರಾಂ ಮೀರಬಾರದು. ಒಂದು ಕಂಪನಿಯ ಒಂದು ಮಾದರಿಯ ಚೆಂಡು ಕ್ಲಬ್ಬಿನ ಮಳಿಗೆಯಲ್ಲಿ ಕೊಂಡರೂ ಅಂಚೆಯಲ್ಲಿ ತರಿಸಿದರೂ ಒಂದೇ. ಟೀ, ಚೀಲ, ಕೊಡೆ ಮೊದಲಾದವೂ ಹಾಗೆಯೇ. ಇಂತಹ ಸರಕಿನಲ್ಲಿ ಗ್ರಾಹಕರು ಬೆಲೆಯನ್ನಷ್ಟೇ ನೋಡುವುದು ನ್ಯಾಯವೇ ಆಗಿದೆ.

ದಾಂಡಿನ ವಿಷಯ ಬೇರೆ. ಆಟಗಾರರು ಒಂದು ಸುತ್ತಿಗೆ ಗರಿಷ್ಠ 14 ದಾಂಡುಗಳನ್ನು ಒಯ್ಯಬಹುದು. ಪ್ರತಿಯೊಂದು ದಾಂಡಿಗೂ ಉದ್ದ, ಕೋಲಿನ ಬಾಗುವ ಗುಣ, ಹಿಡಿಕೆಯ ದಪ್ಪ, ತಲೆಯ ಮುಖ ಎಷ್ಟು ಓರೆಯಾಗಿದೆ ಎಂಬುದನ್ನು ತಿಳಿಸುವ ಲಾಫ್ಟ್, ನೆಲಕ್ಕೂ ಕೋಲಿಗೂ ನಡುವಿನ ‘ಲೈ’ ಕೋನ ಎಂಬ ಅಳತೆಗಳಿವೆ. ಬಲಗೈ ಆಟಗಾರರ ದಾಂಡಿನ ಲೈ ಕೋನ ಅವರಿಗೆ ತಕ್ಕುದಕ್ಕಿಂತ ಹೆಚ್ಚು ನೆಟ್ಟಗಿದ್ದರೆ ಚೆಂಡು ಎಡಕ್ಕೆ ಹೋಗುವ ಸಂಭವ ಹೆಚ್ಚು, ಹೆಚ್ಚು ಮಲಗಿದ್ದರೆ ಬಲಕ್ಕೆ. ಒಂದೇ ಎತ್ತರದ ಇಬ್ಬರಿಗೂ ಕೈಯ ಉದ್ದ ಮತ್ತು ಬೀಸುವ ವೇಗ ಬೇರೆಯಾಗಿರುವುದರಿಂದ ಒಬ್ಬರಿಗೆ ಹೊಂದುವ ದಾಂಡು ಇನ್ನೊಬ್ಬರಿಗೆ ಹೊಂದದು. ಆದ್ದರಿಂದ ಆಟಗಾರರನ್ನು ನಿಲ್ಲಿಸಿ, ಹಲವು ಬಾರಿ ಚೆಂಡು ಹೊಡೆಸಿ, ಅಳತೆ ಗೊತ್ತುಪಡಿಸುವ ‘ಫಿಟ್ಟಿಂಗ್’ ಎಂಬ ಸೇವೆ ಈ ವ್ಯಾಪಾರದಲ್ಲಿ ಬೆಳೆದು ಬಂದಿದೆ. ದರ್ಜಿಯು ಬಟ್ಟೆ ಕತ್ತರಿಸುವ ಮುನ್ನ ಅಳತೆ ತೆಗೆಯುವುದಕ್ಕೆ ಇದನ್ನು ಹೋಲಿಸಬಹುದು.

ಮಳಿಗೆಯ ಹಿನ್ನೆಲೆ

ಬ್ರಿಟನ್ನಿನ ಗಾಲ್ಫ್ ಕ್ಲಬ್ಬುಗಳಲ್ಲಿ ಮಳಿಗೆಯನ್ನು ಅಲ್ಲಿನ ವೃತ್ತಿಪರ ಆಟಗಾರರೇ ನಡೆಸುವ ಪದ್ಧತಿ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಚೆಂಡು ಮತ್ತು ದಾಂಡುಗಳನ್ನು ತಮ್ಮ ಕಾರ್ಯಾಗಾರದಲ್ಲಿಯೇ ತಯಾರಿಸುತ್ತಿದ್ದರು. ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ 1898ರಲ್ಲಿ ರೂಪಿಸಿದ ರಬ್ಬರ್ ದಾರ ಸುತ್ತಿದ ಚೆಂಡು ಕಾರ್ಖಾನೆಯಿಂದ ಬರತೊಡಗಿದ ಮೇಲೆ ಚೆಂಡಿನ ಕೈಕೆಲಸ ಕುಸಿಯಿತು; ಕುಶಲಕರ್ಮಿ ಕ್ರಮೇಣ ವರ್ತಕನಾದ. ಕೆಲವು ಕ್ಲಬ್ಬುಗಳು ಮಾರಾಟದ ಹಕ್ಕನ್ನು ತಾವೇ ವಹಿಸಿಕೊಳ್ಳಲು ಮುಂದಾದದ್ದು 1901ರಲ್ಲಿ ವೃತ್ತಿಪರ ಗಾಲ್ಫ್ ಆಟಗಾರರ ಸಂಘ ಹುಟ್ಟಲು ಒಂದು ಕಾರಣವಾಯಿತು. ಜೆ. ಎಚ್. ಟೇಲರ್ ಅದರ ಮೊದಲ ಅಧ್ಯಕ್ಷರಾದರು. ಮಳಿಗೆಯ ಆದಾಯ ಯಾರದು ಎಂಬ ತಕರಾರು ಅಂತರ್ಜಾಲಕ್ಕಿಂತ ನೂರು ವರ್ಷ ಹಳೆಯದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಪುಕ್ಕಟೆ ಸೇವೆಯ ಭಾರ

ಮಳಿಗೆಯ ಬೆಲೆ ಹೆಚ್ಚೇಕೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ದಾಂಡುಗಳ ಒಂದು ಸೆಟ್ಟಿನ ಸಗಟು ಬೆಲೆ 45,000 ರೂಪಾಯಿ ಎಂದಿರಲಿ. ಮಳಿಗೆಯವರು ಬಾಡಿಗೆ, ಸಿಬ್ಬಂದಿ ಸಂಬಳ, ಪರೀಕ್ಷೆಗಿಟ್ಟ ಮಾದರಿ ದಾಂಡುಗಳು, ಎಡಗೈಯವರಿಗೆ ಮತ್ತು ಮಹಿಳೆಯರಿಗೆಂದು ಇಟ್ಟು ನಿಧಾನವಾಗಿ ಖರ್ಚಾಗುವ ದಾಸ್ತಾನು ಇವುಗಳ ಪಾಲೆಂದು 9,000, ಲಾಭವೆಂದು 6,000 ಸೇರಿಸಿದರೆ ಬೆಲೆ 60,000 ಆಗುತ್ತದೆ. ಅಂತರ್ಜಾಲದ ವ್ಯಾಪಾರಿ ಗೋದಾಮು ಹಾಗೂ ಕೊರಿಯರ್ ವೆಚ್ಚ 3,000, ಲಾಭ 3,000 ಎಂದು ಹಿಡಿದು 51,000ಕ್ಕೆ ಕೊಡಬಲ್ಲ.

ಮಳಿಗೆಯ 9,000 ರೂಪಾಯಿ ವೆಚ್ಚದಲ್ಲಿ ಫಿಟ್ಟಿಂಗಿನ ಪಾಲು 1,500 ಎಂದು ಇಟ್ಟುಕೊಂಡರೆ, ಹತ್ತು ಜನರಿಗೆ ಆ ಸೇವೆ ಕೊಡಲು 15,000 ಬೇಕು. ಹತ್ತೂ ಜನ ಅಲ್ಲಿಯೇ ಕೊಂಡರೆ ತಲಾ 1,500 ವಸೂಲಾಗುತ್ತದೆ. ನಾಲ್ವರು ಅಳತೆ ಪಡೆದು ಬೇರೆಡೆ ಕೊಂಡರೆ ಅದೇ 15,000 ಉಳಿದ ಆರು ಜನರ ಮೇಲೆ ಬಿದ್ದು ತಲಾ 2,500 ಆಗುತ್ತದೆ. ಬೆಲೆ ಏರಿಸಿದರೆ ಮತ್ತಷ್ಟು ಜನ ಹೊರಟುಹೋಗುತ್ತಾರೆ. ಏರಿಸದಿದ್ದರೆ ಲಾಭ ಕರಗುತ್ತದೆ. ಕೊನೆಗೆ ಮಳಿಗೆ ಫಿಟ್ಟಿಂಗನ್ನೇ ನಿಲ್ಲಿಸಿದಲ್ಲಿ ಗ್ರಾಹಕರಿಗೂ ತಯಾರಕರಿಗೂ ನಷ್ಟ. ಅರ್ಥಶಾಸ್ತ್ರಜ್ಞ ಲೆಸ್ಟರ್ ಟೆಲ್ಸರ್ 1960ರಲ್ಲಿಯೇ ಈ ತರ್ಕವನ್ನು ವಿವರಿಸಿ, ತಯಾರಕರು ತಮ್ಮ ವರ್ತಕರ ನಡುವಿನ ಬೆಲೆ ಪೈಪೋಟಿಯನ್ನು ತಡೆಯಲು ಏಕೆ ಬಯಸುತ್ತಾರೆ ಎಂಬುದಕ್ಕೆ ಕಾರಣ ಒದಗಿಸಿದ್ದರು.

ಪಿಂಗ್ ಕಂಪನಿಯ ವ್ಯಾಜ್ಯ

ನಾರ್ವೆಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ್ದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಪಟ್ಟರ್ ದಾಂಡನ್ನು ತಯಾರಿಸಿದರು. ಚೆಂಡಿಗೆ ತಾಗಿದಾಗ ಅದು ಹೊರಡಿಸಿದ ಸದ್ದೇ ‘ಪಿಂಗ್’ ಎಂಬ ಹೆಸರಾಯಿತು. ಆಟಗಾರರ ಅಳತೆಗೆ ದಾಂಡನ್ನು ಹೊಂದಿಸಿ ಕೊಡುವುದು ಆ ಕಂಪನಿಯ ಹೆಗ್ಗುರುತು; ಬೇರೆ ಬೇರೆ ಲೈ ಕೋನಗಳನ್ನು ಸೂಚಿಸಲು ದಾಂಡಿನ ಮೇಲೆ ಬಣ್ಣದ ಚುಕ್ಕೆ ಇಡುವ ಕ್ರಮವೂ ಅದರದೇ.

ಈ ಕಂಪನಿಯ ಯುರೋಪ್ ಶಾಖೆಯು ತನ್ನ ದಾಂಡುಗಳನ್ನು ಅಂತರ್ಜಾಲದಲ್ಲಿ ಮಾರದಂತೆ ಬ್ರಿಟನ್ನಿನ ಇಬ್ಬರು ಚಿಲ್ಲರೆ ವ್ಯಾಪಾರಿಗಳನ್ನು ತಡೆಯಿತು. ಮುಖಾಮುಖಿ ಫಿಟ್ಟಿಂಗನ್ನು ಉತ್ತೇಜಿಸುವುದೇ ಉದ್ದೇಶವೆಂದು ಅದು ಸಮರ್ಥಿಸಿಕೊಂಡಿತು. 2017ರ ಆಗಸ್ಟ್ ತಿಂಗಳಿನಲ್ಲಿ ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು ಈ ನಿಷೇಧ ಕಾನೂನುಬಾಹಿರವೆಂದು ತೀರ್ಮಾನಿಸಿ 14.5 ಲಕ್ಷ ಪೌಂಡ್ ದಂಡ ವಿಧಿಸಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. 2018ರ ಸೆಪ್ಟೆಂಬರಿನಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು 12.5 ಲಕ್ಷ ಪೌಂಡಿಗೆ ಇಳಿಸಿತಾದರೂ ತಪ್ಪು ನಡೆದಿದೆಯೆಂಬ ತೀರ್ಮಾನವನ್ನು ಎತ್ತಿಹಿಡಿಯಿತು. 2020ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ವಾದವನ್ನು ತಳ್ಳಿಹಾಕಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಫಿಟ್ಟಿಂಗನ್ನು ಉತ್ತೇಜಿಸುವ ಗುರಿ ಪ್ರಾಮಾಣಿಕವಾದುದೆಂದು ಪ್ರಾಧಿಕಾರ ಒಪ್ಪಿಕೊಂಡಿತ್ತು. ಆಕ್ಷೇಪಣೆ ಇದ್ದದ್ದು ಗುರಿಯ ಬಗ್ಗೆ ಅಲ್ಲ, ಮಾರ್ಗದ ಬಗ್ಗೆ. ಅಳತೆಯ ಆಯ್ಕೆಗಳನ್ನು ಜಾಲತಾಣದಲ್ಲಿಯೇ ತೋರಿಸುವುದು, ಫಿಟ್ಟಿಂಗಿನ ಮಹತ್ವವನ್ನು ಎದ್ದುಕಾಣುವಂತೆ ತಿಳಿಸುವುದು ಮೊದಲಾದ ಸೌಮ್ಯ ಉಪಾಯಗಳಿರುವಾಗ ಮಾರಾಟವನ್ನೇ ನಿಷೇಧಿಸುವುದು ಅತಿಯಾಯಿತು ಎಂಬುದು ನಿರ್ಣಯದ ಸಾರ. ಅಂತರ್ಜಾಲದ ಮೇಲೆ ಯಾವ ನಿರ್ಬಂಧವೂ ಸಲ್ಲದು ಎಂದೂ ಇದರ ಅರ್ಥವಲ್ಲ. 2017ರ ಡಿಸೆಂಬರಿನಲ್ಲಿ ಕೋಟಿ ಎಂಬ ಸುಗಂಧದ್ರವ್ಯ ಕಂಪನಿಯ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯವು, ವಿಲಾಸಿ ಸರಕಿನ ತಯಾರಕರು ಅದರ ಘನತೆ ಕಾಯಲು ತಮ್ಮ ವರ್ತಕರು ಮೂರನೆಯವರ ಮಾರಾಟ ವೇದಿಕೆಗಳನ್ನು ಬಳಸದಂತೆ ಷರತ್ತು ಹಾಕಬಹುದೆಂದು ಹೇಳಿತ್ತು. ಅಲ್ಲಿ ವರ್ತಕರಿಗೆ ಸ್ವಂತ ಜಾಲತಾಣದ ಬಾಗಿಲು ತೆರೆದೇ ಇತ್ತು.

ನಮ್ಮ ದೇಶದ ಕಾನೂನು

ಭಾರತದ ಸ್ಪರ್ಧಾ ಕಾಯಿದೆ, 2002ರ 3(4)ನೆಯ ಪ್ರಕರಣದ ವ್ಯಾಪ್ತಿಗೆ ತಯಾರಕರು ಮತ್ತು ವರ್ತಕರ ನಡುವಿನ ಇಂತಹ ಒಪ್ಪಂದಗಳು ಬರುತ್ತವೆ. ಮರುಮಾರಾಟದ ಬೆಲೆ ಗೊತ್ತುಪಡಿಸುವುದು, ಏಕಸ್ವಾಮ್ಯ ವಿತರಣೆ ಮುಂತಾದವು ತಾವಾಗಿಯೇ ನಿಷಿದ್ಧವಲ್ಲ. ಅವುಗಳಿಂದ ಸ್ಪರ್ಧೆಗೆ ಗಣನೀಯ ಧಕ್ಕೆಯಾಗುತ್ತದೆಯೇ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ. 2017ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹ್ಯುಂಡೈ ಕಂಪನಿಗೆ 87 ಕೋಟಿ ರೂಪಾಯಿ ದಂಡ ವಿಧಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನು ರದ್ದುಪಡಿಸಿತು. 2021ರ ಆಗಸ್ಟಿನಲ್ಲಿ, ಡೀಲರುಗಳು ನೀಡುವ ರಿಯಾಯಿತಿಗೆ ಮಿತಿ ಹಾಕಿದ ಕಾರಣಕ್ಕೆ ಆಯೋಗವು ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಅದರ ವಿರುದ್ಧವೂ ಮೇಲ್ಮನವಿ ಸಲ್ಲಿಕೆಯಾಯಿತು. ಆದುದರಿಂದ ‘ಯಾರೂ ಇದಕ್ಕಿಂತ ಕಡಿಮೆಗೆ ಮಾರಕೂಡದು’ ಎಂದು ತಯಾರಕರಿಂದ ಸುತ್ತೋಲೆ ಹೊರಡಿಸಿ ನೆಮ್ಮದಿಯಾಗಿರಬಹುದು ಎಂಬ ಭರವಸೆಗೆ ಗಟ್ಟಿ ನೆಲೆಯಿಲ್ಲ.

ಅಂತರ್ಜಾಲದ ವ್ಯಾಪಾರಿಗಳಿಗೂ ಕಟ್ಟುಪಾಡುಗಳಿವೆ. ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಮಾರಾಟಗಾರರು ಒಟ್ಟು ಬೆಲೆ, ಸರಕು ಯಾವ ದೇಶದ್ದೆಂಬ ವಿವರ, ವಾಪಸಾತಿಯ ಷರತ್ತು ಇವನ್ನು ತಿಳಿಸಬೇಕು. ದೋಷಪೂರಿತ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಆದರೆ ದಾಂಡು ದೋಷರಹಿತವಾಗಿದ್ದು ಆಟಗಾರರಿಗೆ ಹೊಂದಲಿಲ್ಲವೆಂದಾದರೆ ಅದು ದೋಷವೆನಿಸದು. ಅಂತಹ ಸಂದರ್ಭದಲ್ಲಿ ಮಾರಾಟಗಾರರ ವಾಪಸಾತಿ ಷರತ್ತೇ ಗ್ರಾಹಕರಿಗೆ ಆಧಾರ. ಮಳಿಗೆಯ ಬಲ ಇರುವುದು ಈ ಎಡೆಯಲ್ಲಿಯೇ. ನಕಲಿ ಸರಕಿನ ಭಯವೂ ಕಡೆಗಣಿಸುವಂತಹುದಲ್ಲ. ನಕಲಿ ದಾಂಡುಗಳನ್ನು ತಡೆಯಲೆಂದೇ ಅಮೆರಿಕದ ಪ್ರಮುಖ ಗಾಲ್ಫ್ ತಯಾರಕರು 2004ರಲ್ಲಿ ಒಂದು ಜಂಟಿ ಕಾರ್ಯತಂಡ ರಚಿಸಿಕೊಂಡರು.

ವರ್ತಕರು ಮಾಡಬಹುದಾದದ್ದು

ಮೊದಲನೆಯದಾಗಿ, ಸೇವೆಗೆ ಪ್ರತ್ಯೇಕ ಬೆಲೆ ಇಡುವುದು. ಮೇಲಿನ ಲೆಕ್ಕದಲ್ಲಿ ಫಿಟ್ಟಿಂಗಿಗೆ 1,500 ರೂಪಾಯಿ ಶುಲ್ಕ ಪಡೆದು, ಅಲ್ಲಿಯೇ ಕೊಂಡವರಿಗೆ ಅದನ್ನು ಬಿಲ್ಲಿನಲ್ಲಿ ಕಳೆದರೆ, ಬೇರೆಡೆ ಕೊಳ್ಳುವ ನಾಲ್ವರೂ ತಮ್ಮ ಪಾಲನ್ನು ತೆತ್ತಂತಾಗುತ್ತದೆ. ಅಳತೆಯ ಚೀಟಿಯನ್ನು ಗ್ರಾಹಕರ ಕೈಗೆ ಕೊಡಲು ಆಗ ಸಂಕೋಚಪಡಬೇಕಾಗಿಲ್ಲ. ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆಯಿಲ್ಲವೆಂದು ಗ್ರಾಹಕರು ಭಾವಿಸುವುದೂ ತಪ್ಪುತ್ತದೆ.

ಎರಡನೆಯದಾಗಿ, ಚೆಂಡು, ಟೀಗಳಂತಹ ಒಂದೇ ತೆರನಾದ ಸರಕಿನಲ್ಲಿ ಹೆಚ್ಚು ಬಂಡವಾಳ ಹೂಡದೆ, ಅವಸರದ ಅಗತ್ಯಕ್ಕೆ ಬೇಕಾಗುವಷ್ಟನ್ನೇ ಇಡುವುದು. ಆಟಕ್ಕೆ ಹೊರಟು ನಿಂತವರು ಕೊರಿಯರಿಗಾಗಿ ಕಾಯಲಾರರು.

ಮೂರನೆಯದಾಗಿ, ಮಾರಾಟದ ನಂತರದ ಕೆಲಸವನ್ನು ಬೆಳೆಸುವುದು. ಹಿಡಿಕೆ ಬದಲಿಸುವುದು, ಲೈ ಕೋನ ಸರಿಪಡಿಸುವುದು, ಹಳೆಯ ದಾಂಡು ಪಡೆದು ಹೊಸದು ಕೊಡುವುದು ಇವನ್ನು ದೂರದ ಗೋದಾಮು ಮಾಡಿಕೊಡಲಾರದು. ಬೇರೆಡೆ ಕೊಂಡ ದಾಂಡೇ ಆದರೂ ತಕ್ಕ ಕೂಲಿ ಪಡೆದು ದುರಸ್ತಿ ಮಾಡಿಕೊಡುವುದು ಜಾಣತನ. ಇಂದು ದುರಸ್ತಿಗೆ ಬಂದವರೇ ನಾಳೆ ಖರೀದಿಗೆ ಬರುತ್ತಾರೆ.

ನಾಲ್ಕನೆಯದಾಗಿ, ತಾವೇ ಅಂತರ್ಜಾಲಕ್ಕೆ ಇಳಿಯುವುದು. ಇ-ವಾಣಿಜ್ಯ ವೇದಿಕೆಯಲ್ಲಿ ಮಾರುವವರಿಂದ ವೇದಿಕೆಯವರು ಮೂಲದಲ್ಲಿ ವಸೂಲು ಮಾಡುವ ಜಿಎಸ್‌ಟಿ 2018ರ ಅಕ್ಟೋಬರಿನಿಂದ ಶೇ. 1ರಷ್ಟಿದ್ದು, 2024ರ ಜುಲೈ 10ರಿಂದ ಶೇ. 0.5ಕ್ಕೆ ಇಳಿದಿದೆ. 2023ರ ಅಕ್ಟೋಬರ್ 1ರಿಂದ, ವಹಿವಾಟಿನ ಮಿತಿಯೊಳಗಿರುವ ಸಣ್ಣ ವ್ಯಾಪಾರಿಗಳು ರಾಜ್ಯದೊಳಗಿನ ಮಾರಾಟಕ್ಕೆ, ನಿಗದಿತ ಷರತ್ತುಗಳಿಗೆ ಒಳಪಟ್ಟು, ಜಿಎಸ್‌ಟಿ ನೋಂದಣಿಯಿಲ್ಲದೆಯೂ ಇಂತಹ ವೇದಿಕೆಗಳನ್ನು ಬಳಸಬಹುದಾಗಿದೆ. ಈ ಹೆಜ್ಜೆ ಇಡುವ ಮುನ್ನ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

ಸಣ್ಣ ತಯಾರಕರಿಗೂ ಇಲ್ಲೊಂದು ಸೂಚನೆಯಿದೆ. ತಮ್ಮ ಸರಕು ಅಳತೆ ನೋಡಿ ಮಾರುವಂತಹುದಾಗಿದ್ದರೆ, ವರ್ತಕರು ಕೊಡುವ ಸೇವೆಗೆ ಪ್ರತ್ಯೇಕ ಭತ್ಯೆ ನೀಡುವುದು ನಿಷೇಧದ ದಾರಿಗಿಂತ ಸುರಕ್ಷಿತವಾದುದು. ಗ್ರಾಹಕರು ಎಲ್ಲಿ ಹಣ ತೆತ್ತರೂ ಸೇವೆ ಕೊಟ್ಟವರಿಗೆ ಅದರ ಪ್ರತಿಫಲ ಸಲ್ಲುವ ಏರ್ಪಾಡಿದ್ದಲ್ಲಿ ಮಳಿಗೆಯೂ ಅಂತರ್ಜಾಲವೂ ಜೊತೆಯಾಗಿ ಬಾಳಬಲ್ಲವು. ಅಂತಹ ಏರ್ಪಾಡಿಲ್ಲದೆ ಗ್ರಾಹಕರ ನಿಷ್ಠೆಯನ್ನಷ್ಟೇ ನಂಬಿದ ವ್ಯಾಪಾರ ಬಹುಕಾಲ ನಡೆಯದು.