ಬಸವನೆಂಬ ಹೆಸರು

ದೇವರ ಹಿಪ್ಪರಗಿಯ ಸಂತೆಯಲ್ಲಿ "ಬಸಪ್ಪಾ" ಎಂದು ಗಟ್ಟಿಯಾಗಿ ಕೂಗಿದರೆ ತಿರುಗಿ ನೋಡುವವರು ಒಬ್ಬಿಬ್ಬರಲ್ಲ. ಮಡಿವಾಳ ಮಾಚಿದೇವರ ಜನ್ಮಭೂಮಿಯೆಂದು ಖ್ಯಾತವಾದ ಈ ಊರಿಗೆ ಬಸವನ ಬಾಗೇವಾಡಿಯ ಸೀಮೆಯು ನೆರೆಯದು. ಆ ಬಾಗೇವಾಡಿಯಂತೂ ಮಹಾಪುರುಷನ ಹೆಸರನ್ನೇ ತನ್ನ ಹೆಸರಿನ ಮುಂದೆ ಧರಿಸಿರುವದು. ಇಷ್ಟು ಮನೆಮಾತಾದ ಹೆಸರು ಅಚ್ಚಗನ್ನಡದ್ದೆಂದು ಬಹುಜನರು ಭಾವಿಸಿದರೆ ಸೋಜಿಗವಿಲ್ಲ. ಆದರೆ ಅದರ ಬೇರು ಸಂಸ್ಕೃತದಲ್ಲಿದೆ.

ಸಂಸ್ಕೃತದ ವೃಷಭ ಶಬ್ದವು ಪ್ರಾಕೃತದ ಬಾಯಲ್ಲಿ ವಸಭ, ವಸಹ ಎಂದಾಗಿ, ಕನ್ನಡದಲ್ಲಿ ಬಸವನಾಯಿತು. ವಸತಿಯು ಬಸದಿಯಾದಂತೆ ಇಲ್ಲಿಯೂ ವಕಾರವು ಬಕಾರವಾಗಿದೆ. ಭಾಷೆಯು ಬಾಸೆಯಾದಂತೆ ಷಕಾರವು ಸಕಾರವಾಗಿದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಇಂಥ ಮಾರ್ಪಾಟುಗಳನ್ನೇ ವಿವರಿಸಿರುವನು. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಸಿಂಹಳದ ಅನುರಾಧಪುರವನ್ನಾಳಿದ ಒಬ್ಬ ಅರಸನಿಗೂ ವಸಭನೆಂದೇ ಹೆಸರಿತ್ತು.

ಒಂದೇ ಶಬ್ದವು ನಮ್ಮ ನಾಡಿನಲ್ಲಿ ಎರಡು ದಾರಿ ಹಿಡಿದುದು ವಿಚಾರಾರ್ಹವಾದ ಸಂಗತಿ. ಜೈನರ ಮೊದಲ ತೀರ್ಥಂಕರನು ವೃಷಭನಾಥನು. ಆತನ ಚರಿತ್ರೆಯನ್ನೇ ಪಂಪನು 941ರಲ್ಲಿ ಆದಿಪುರಾಣವಾಗಿ ರಚಿಸಿದನು. ಜೈನ ಮನೆತನಗಳು ಆ ಹೆಸರನ್ನು ಸಂಸ್ಕೃತದ ರೂಪದಲ್ಲಿಯೇ ಕಾಪಾಡಿಕೊಂಡವು. ಶೈವರಲ್ಲಿ ಹಾಗಾಗಲಿಲ್ಲ. ಭೀಮಕವಿಯು 1369ರಲ್ಲಿ ಬರೆದ ಬಸವಪುರಾಣದಲ್ಲಿ ನಂದಿಯ ವರದಿಂದ ಮಾದಲಾಂಬೆಗೆ ಹುಟ್ಟಿದ ಕೂಸು ಬಸವನು. ಹೊಲ ಊಳುವವನಿಗೆ ದೇವರಿಗೆ ಬಿಟ್ಟ ಹೋರಿಯೂ ಬಸವನೇ, ಗುಡಿಯ ಮುಂದಿನ ಕಲ್ಲಿನ ನಂದಿಯೂ ಬಸವನೇ. (ಎಲ್ಲಕ್ಕೂ ತಲೆಯಾಡಿಸುವವನನ್ನು ಕೋಲೆ ಬಸವನೆಂದು ಹಾಸ್ಯ ಮಾಡುವದೂ ಆ ಸಲಿಗೆಯಿಂದಲೇ.)

12ನೆಯ ಶತಮಾನದಲ್ಲಿ ಬಿಜ್ಜಳನ ಕಲ್ಯಾಣದಲ್ಲಿ ಬಸವಣ್ಣನವರು ಭಂಡಾರಿಯಾಗಿದ್ದುಕೊಂಡು ಶರಣರನ್ನು ಕೂಡಿಸಿದ ಮೇಲೆ ಈ ಹೆಸರಿನ ಭಾಗ್ಯವೇ ಬೇರೆಯಾಯಿತು. ಬಸಪ್ಪ, ಬಸವ್ವ, ಬಸವರಾಜ, ಬಸಲಿಂಗಪ್ಪ, ಚನ್ನಬಸವ, ಸಂಗನಬಸವ, ಗುರುಬಸಪ್ಪ—ಹೀಗೆ ಒಂದು ಬುಡದಿಂದ ಎಷ್ಟೋ ಕೊಂಬೆಗಳು ಒಡೆದವು. ವಿಜಯಪುರದಲ್ಲಿ ನೆಲೆಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರ ಹೆಸರಿನೊಳಗಿನ "ಗು" ಎಂಬುದು ಅವರ ತಂದೆ ಗುರುಬಸಪ್ಪನವರದೇ. ಪಾಲ್ಕುರಿಕೆ ಸೋಮನಾಥನ ಬಸವಪುರಾಣದ ಮೂಲಕ ಹೆಸರು ತೆಲುಗು ನಾಡಿನಲ್ಲಿಯೂ ಹಬ್ಬಿತು. ಶಿವತತ್ತ್ವರತ್ನಾಕರವನ್ನು ಸಂಸ್ಕೃತದಲ್ಲಿ ಬರೆದ ಕೆಳದಿಯ ಅರಸನು ಕೂಡ ಬಸವಪ್ಪ ನಾಯಕನೇ. ತದ್ಭವದ ಹೆಸರು ಪಂಡಿತನಾದ ಆ ಅರಸನಿಗೆ ಕೀಳೆನಿಸಲಿಲ್ಲ. 17ನೆಯ ಶತಮಾನದ ಷಡಕ್ಷರದೇವನು ಮಾತ್ರ ಪ್ರೌಢಕಾವ್ಯಕ್ಕೆ ವೃಷಭೇಂದ್ರ ವಿಜಯವೆಂದು ಹೆಸರಿಟ್ಟು ಬಸವನನ್ನು ಮತ್ತೆ ಸಂಸ್ಕೃತಕ್ಕೆ ಮರಳಿಸಿದನು.

ಇಂದಿನ ತಾಯ್ತಂದೆಗಳಲ್ಲಿ ಕೆಲವರಿಗೆ ಅಜ್ಜನ ಹೆಸರಾದ ಬಸಪ್ಪ ಹಳೆಯದೆನಿಸಿ, ತೊಟ್ಟಿಲ ಕೂಸಿಗೆ ರಿಷಭನೆಂದು ಹೆಸರಿಡುವರು. ಋಷಭ, ವೃಷಭಗಳೆರಡರ ಅರ್ಥವೂ ಗೂಳಿಯೇ! ಬೇಡವೆಂದು ಮುಂಬಾಗಿಲಿನಿಂದ ಕಳಿಸಿದ ಅಜ್ಜನು ಹಿತ್ತಲಿನಿಂದ ಒಳಗೆ ಬಂದಂತಾಯಿತು. ಅವರವರ ಕೂಸಿಗೆ ಅವರವರು ಹೆಸರಿಡಲಿ, ತಕರಾರಿಲ್ಲ.

ತಕರಾರಿರುವದು ಕಚೇರಿಯಲ್ಲಿ. ಮನೆಯಲ್ಲಿ ಬಸ್ಯಾ ಆದವನು ಹೊಲದ ಉತಾರದಲ್ಲಿ ಬಸಪ್ಪನೆಂದೂ, ಶಾಲೆಯ ದಾಖಲೆಯಲ್ಲಿ ಬಸವರಾಜನೆಂದೂ ಇರುವದು ಈ ಸೀಮೆಯ ವಾಡಿಕೆ. ಅಪ್ಪ, ಅಣ್ಣ, ರಾಜ ಎಂಬಿವು ಗೌರವಕ್ಕಾಗಿ ಅಂಟಿಸಿದ ಬಾಲಗಳು. ಬೇರೆ ಮನುಷ್ಯನನ್ನು ಸೂಚಿಸುವ ಶಬ್ದಗಳಲ್ಲ. ವಾರಸಾ ನೋಂದಣಿಗೋ ಪಿಂಚಣಿಗೋ ಬಂದ ವೃದ್ಧನಿಗೆ ಮೂವರೂ ತಾನೇ ಎಂದು ಪ್ರಮಾಣ ಬರೆದುಕೊಡೆನ್ನುವ ಮೊದಲು, ತಂದೆಯ ಹೆಸರು, ಅಡ್ಡಹೆಸರು, ಊರು ಇವು ಕೂಡುತ್ತವೆಯೇ ಎಂದು ಅಧಿಕಾರಿಗಳು ತಾವೇ ಒಮ್ಮೆ ತಾಳೆ ನೋಡಬೇಕು. ಹೊಸದಾಗಿ ಕೂಸಿನ ಹೆಸರನ್ನು ನೋಂದಿಸುವಾಗಲಂತೂ ತಾಯಿ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ಬಸಪ್ಪನನ್ನು ಬಸವರಾಜನನ್ನಾಗಿ ತಿದ್ದುವ ಅಧಿಕಾರ ಕಾರಕೂನನದಲ್ಲ.